ಟಿಡಿಎಸ್ ಮೀಟರ್ ಹೇಳದ ಮಾತು

ಯುಗಾದಿಗೆ ಊರಿಗೆ ಹೋಗುವಾಗ ಟಿಡಿಎಸ್ ಮೀಟರ್ ಒಂದನ್ನು ಬ್ಯಾಗಿಗೆ ಹಾಕಿಕೊಂಡಿದ್ದೆ. ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನ ನಮ್ಮೂರು. ಬೋರ್ ನೀರಿನ ಗ್ಲಾಸಿಗೆ ಮೀಟರ್ ಅದ್ದಿ, ನಂಬರ್ ನೋಡಿ, ‘ನೀರು ಚೊಲೊ ಅದಾವ’ ಅಂತ ದೊಡ್ಡದಾಗಿ ಹೇಳಿದೆ. ‘ಅದನ್ನ ನಾ ಕುಡದೇ ಹೇಳ್ತಿದ್ದೆ, ಮಷೀನ್ ಯಾಕ ಬೇಕಿತ್ತು?’ ಅಂದರು ಅಪ್ಪ.

ಅಪ್ಪನ ನಾಲಿಗೆಯನ್ನೂ ನನ್ನ ಮೀಟರನ್ನೂ ಒಟ್ಟಿಗೆ ಸುಳ್ಳು ಮಾಡಬಲ್ಲ ವಸ್ತು ಒಂದಿದೆ, ಆರ್ಸೆನಿಕ್. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಟಿಡಿಎಸ್ ಮೀಟರ್ ಅಳೆಯುವುದು ನೀರಿನಲ್ಲಿ ಕರಗಿದ ಒಟ್ಟು ಲವಣವನ್ನು. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇರುವ ವಿಷ ಅದಕ್ಕೆ ಕಾಣುವುದೇ ಇಲ್ಲ. ಕುದಿಸಿದರೂ ಹೋಗದು.

ನನಗಿದು ತಿಳಿದಿದ್ದು ಸುರಪುರ ಸೀಮೆಯ ಕಿರದಳ್ಳಿ ತಾಂಡಾ ಬಗ್ಗೆ ಓದಿದಾಗ. ಈಗ ಅದು ಯಾದಗಿರಿ ಜಿಲ್ಲೆ. 2009ರ ಕೊನೆಯವರೆಗೂ ನಮ್ಮದೇ ಗುಲಬರ್ಗಾ ಜಿಲ್ಲೆಯಲ್ಲಿತ್ತು. ತಾಂಡಾ ಇರುವುದು ಮಂಗಳೂರು ಎಂಬ ಊರಿನ (ಕಡಲ ಮಂಗಳೂರಲ್ಲ) ಹಳೆಯ ಚಿನ್ನದ ಗಣಿ ಪ್ರದೇಶದಲ್ಲಿ. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ಪರೀಕ್ಷಿಸಿದ 59 ಕೊಳವೆಬಾವಿ ನೀರಿನ ಮಾದರಿಗಳಲ್ಲಿ ಶೇ. 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮಿತಿ ದಾಟಿತ್ತು. ಗರಿಷ್ಠ 303. ತಪಾಸಣೆಗೆ ಬಂದ 181 ಜನರಲ್ಲಿ ಶೇ. 58.6 ಮಂದಿಯ ಚರ್ಮದ ಮೇಲೆ ಅದರ ಗುರುತಿತ್ತು: ಮೈಮೇಲೆ ಕಪ್ಪು ಚುಕ್ಕೆ, ಅಂಗೈ ಅಂಗಾಲು ಒರಟು. ಬಿಸಿಲಿನಾಗ ದುಡಿಯುವವರ ಕೈ ಹಂಗೇ ಇರ್ತದ ಅಂತ ನಾವಾದರೆ ಸುಮ್ಮನಾಗಿಬಿಡುತ್ತಿದ್ದೆವು.

ಇದು ಬರುವುದು ಎಲ್ಲಿಂದ? ಚಿನ್ನದ ಜೊತೆ ಕಲ್ಲಿನೊಳಗೆ ಆರ್ಸೆನೋಪೈರೈಟ್ ಎಂಬ ಖನಿಜ ಇರುತ್ತದೆ. ಬಂಡೆಯಾಗಿದ್ದಾಗ ಅದರ ತಂಟೆ ಕಡಿಮೆ. ಪುಡಿ ಮಾಡಿ, ಚಿನ್ನ ತೆಗೆದು, ಉಳಿದ ಹುಡಿಯನ್ನು ಬಯಲಿಗೆ ಸುರಿದರೆ ಗಾಳಿ-ಮಳೆ ಸೇರಿ ವಿಷ ಬಿಡಿಸಿಕೊಳ್ಳುತ್ತದೆ. ತಾಂಡಾದಲ್ಲಿ ಮೇಲ್ಮಣ್ಣಿನ 12 ಮಾದರಿಗಳ ಪೈಕಿ 6ರಲ್ಲಿ ಕಿಲೋಗೆ 2000 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಸಿಕ್ಕಿತು. ಗಣಿ ಹುಡಿಯೇ ಕಾರಣವಿರಬಹುದು ಎಂಬುದು ಸಂಶೋಧಕರ ಊಹೆ. ಆ ಸೀಮೆಯ ಬಂಡೆಯಿಂದ ಸಹಜವಾಗಿ ಬಂದ ಪಾಲೆಷ್ಟು ಎಂಬುದನ್ನು ಅವರು ಮುಂದಿನ ಅಧ್ಯಯನಕ್ಕೆ ಬಿಟ್ಟರು. 2001ರಲ್ಲಿ ಮುಚ್ಚಿದ ಕೋಲಾರದ ಕೆಜಿಎಫ್‌ನ ‘ಸೈನೈಡ್ ಗುಡ್ಡ’ಗಳು ಸಿನಿಮಾದವರಿಗೂ ಗೊತ್ತು. ಆದರೆ ಸೈನೈಡ್ ಬಿಸಿಲು-ಗಾಳಿಗೆ ನಿಧಾನಕ್ಕೆ ಒಡೆದು ಹೋಗುತ್ತದೆ. ಆರ್ಸೆನಿಕ್ ಮೂಲಧಾತು, ಅದನ್ನು ಒಡೆಯಲಾಗದು.

ಹಾಗಾಗಿ ಗಣಿ ಸ್ವಚ್ಛ ಮಾಡುವುದು ಅಂದರೆ ಬಹುಪಾಲು ವಿಷದ ದಾರಿ ಮುಚ್ಚುವುದು. ಹುಡಿಗುಡ್ಡದ ಮೇಲೆ ಜೇಡಿಮಣ್ಣಿನ ಹೊದಿಕೆ, ಮಳೆನೀರು ಒಳಗಿಳಿಯದಂತೆ ಸುತ್ತ ಕಾಲುವೆ, ಮೇಲೆ ಲಾವಂಚ. ಅದರ ಬೇರು ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ, ವಿಷವನ್ನು ಎಲೆಗೆ ಅಷ್ಟಾಗಿ ಏರಿಸುವುದಿಲ್ಲ. ಟೆರಿಸ್ ವಿಟ್ಟಾಟಾ ಎಂಬ ಜರೀಗಿಡ ಇದಕ್ಕೆ ಉಲ್ಟಾ. ಮಣ್ಣಿನ ಆರ್ಸೆನಿಕ್ ಹೀರಿ ಎಲೆಯಲ್ಲಿ ತುಂಬಿಕೊಳ್ಳುತ್ತದೆಂದು 2001ರಲ್ಲಿ ಫ್ಲಾರಿಡಾದ ವಿಜ್ಞಾನಿಗಳು ತೋರಿಸಿದರು. ಕೇಳಲು ಭಾರಿ ಚಂದ. ಆದರೆ ಕೊಯ್ದ ಎಲೆ ಎಲ್ಲಿಡೋದು? ಮೇಕೆ ಮೇಯ್ದರೆ? ನಮ್ಮ ಸೀಮೆಯ ಬ್ಯಾಸಿಗಿಗೆ ಅದಕ್ಕೆ ನೀರು ಹಾಕುವವರು ಯಾರು? ಫಿಲ್ಟರಿಗೂ ಇದೇ ಪ್ರಶ್ನೆ. ಕಬ್ಬಿಣದ ಪುಡಿ ಆರ್ಸೆನಿಕ್ ಹಿಡಿಯುತ್ತದೆ, ಸರಿ. ಹಿಡಿದ ಕೆಸರನ್ನು ಬಾವಿ ಹಿಂದೆ ಚೆಲ್ಲಿದರೆ ಕಥೆ ಮತ್ತೆ ಶುರು.

ನನ್ನ ಮಟ್ಟಿಗೆ ಮೊದಲ ಕೆಲಸ ನೀರು ಬದಲಿಸುವುದು. ಬಂಗ್ಲಾದೇಶದಲ್ಲಿ ವಿಷದ ಬೋರಿಗೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು. ಓದು ಬಾರದವರಿಗೂ ಅರ್ಥವಾಯಿತು. ಸುರಪುರ ಸೀಮೆಗಂತೂ ಕೃಷ್ಣೆ ಇದ್ದಾಳೆ, ನಾರಾಯಣಪುರದ ಅಣೆಕಟ್ಟು ಇದೆ. ಪೈಪು ಹಾಕುವುದು ಗುಡ್ಡ ಮುಚ್ಚುವುದಕ್ಕಿಂತ ಬೇಗ ಆಗುವ ಕೆಲಸ.

ನಮ್ಮೂರಿನದು ಕಪ್ಪುಕಲ್ಲಿನ ನೆಲ, ಚಿನ್ನದ ಪಟ್ಟಿಯಲ್ಲ. ಆದರೂ ಹೊರಡುವ ದಿನ ಒಂದು ಬಾಟಲಿ ನೀರು ತುಂಬಿಕೊಂಡೆ. ಲ್ಯಾಬಿಗೆ ಕೊಡುವಾಗ ‘ಆರ್ಸೆನಿಕ್ ನೋಡಿ’ ಅಂತ ಹೆಸರು ಹಿಡಿದು ಬರೆಸಬೇಕು, ಇಲ್ಲದಿದ್ದರೆ ಮಾಮೂಲಿ ಪರೀಕ್ಷೆಯಲ್ಲಿ ಅದು ತಪ್ಪಿಹೋಗಬಹುದು. ಅವ್ವ ಬಾಟಲಿ ನೋಡಿ, ‘ಬೆಂಗಳೂರಾಗ ನೀರು ಸಿಗಂಗಿಲ್ಲೇನೋ ತಮ್ಮಾ?’ ಅಂತ ಇನ್ನೊಂದನ್ನೂ ತುಂಬಿಕೊಟ್ಟಳು.