ಅತ್ತೆಗೆ ಅಧಿಕಾರ, ಸೊಸೆಗೆ ಕಿರೀಟ

ಅತ್ತೆ ಸೊಸೆಯರ ಮುಸುಕಿನ ಗುದ್ದಾಟ ನಮ್ಮ ನಿಮ್ಮ ಮನೆಗಳಲ್ಲಿ ಮಾತ್ರ ಅಂತ ತಿಳಿದಿದ್ದೀರಾ? ಹಾಗಾದರೆ ಒಲೆಯ ಮೇಲಿನ ಹಾಲನ್ನು ಇಳಿಸಿಟ್ಟು ಬನ್ನಿ. ಒಂಬತ್ತು ನೂರು ವರ್ಷಕ್ಕೂ ಹಿಂದಿನ ಒಂದು ಅರಮನೆಯೊಳಗೆ ಇಣುಕಿ ನೋಡೋಣ. ಅಲ್ಲಿ ಇದೇ ಗುದ್ದಾಟದಲ್ಲಿ ಹದಿನೈದು ವರ್ಷದ ಸೊಸೆಯ ಬಾಳು ಒಂದು ವಾರ ತೂಗುಯ್ಯಾಲೆಯಾಡಿತ್ತು.

ಈಗ ನಾವು ಇಸ್ತಾಂಬುಲ್ ಎನ್ನುವ ಊರಿಗೆ ಆಗ ಕಾನ್‌ಸ್ಟಾಂಟಿನೋಪಲ್ ಎಂದು ಹೆಸರು. ಅದು ಬೈಜಾಂಟಿಯಂ ಸಾಮ್ರಾಜ್ಯದ ರಾಜಧಾನಿ. ಆಡುವ ಮಾತು ಗ್ರೀಕ್, ನಂಬಿದ ಧರ್ಮ ಕ್ರೈಸ್ತ, ಆದರೂ ಜನ ತಮ್ಮನ್ನು ರೋಮನ್ನರೆಂದೇ ಕರೆದುಕೊಳ್ಳುತ್ತಿದ್ದರು. ಅಲ್ಲಿ 1081ರಿಂದ 1118ರವರೆಗೆ, ಮೂವತ್ತೇಳು ವರ್ಷ, ಅಲೆಕ್ಸಿಯಸ್ ಕೊಮ್ನೀನಸ್ ಆಳಿದ. ಮುಳುಗುತ್ತಿದ್ದ ಹಡಗನ್ನು ದಡಕ್ಕೆ ತಂದವನೆಂದು ಅವನಿಗೆ ಹೆಸರಿದೆ. ಚರಿತ್ರೆಯ ಪುಸ್ತಕಗಳಲ್ಲಿ ಅವನ ಯುದ್ಧಗಳ ಪಟ್ಟಿ ಸಿಗುತ್ತದೆ. ಆದರೆ ಅವನ ಮನೆಯೊಳಗಿನ ಸಂಗತಿ ನಮಗೆ ತಿಳಿದಿರುವುದು ಮುಖ್ಯವಾಗಿ ಅವನ ಹಿರಿಮಗಳು ಅನ್ನಾಳಿಂದ. ‘ಅಲೆಕ್ಸಿಯಾಡ್’ ಎಂಬ ಹೆಸರಿನಲ್ಲಿ ತಂದೆಯ ಕಥೆಯನ್ನು ಹದಿನೈದು ಭಾಗಗಳಲ್ಲಿ ಬರೆದಿಟ್ಟ ಪುಣ್ಯಾತ್ಗಿತ್ತಿ ಅವಳು. ಅಪ್ಪನನ್ನು ಹೊಗಳುವುದರಲ್ಲಿ ಕೈ ಸ್ವಲ್ಪ ಧಾರಾಳ. ಆದರೂ ಮನೆಯ ಹೆಂಗಸರನ್ನು ಅವಳಷ್ಟು ಹತ್ತಿರದಿಂದ ಕಂಡವರು ಬೇರೆ ಯಾರಿದ್ದರು ಹೇಳಿ?

ಕಥೆ ಶುರುವಾಗುವುದು ಅಲೆಕ್ಸಿಯಸ್ ಇನ್ನೂ ಕೂಸಾಗಿದ್ದಾಗ. 1059ರಲ್ಲಿ ಅವನ ದೊಡ್ಡಪ್ಪ ಚಕ್ರವರ್ತಿ ಐಸಾಕ್ ಕಾಯಿಲೆ ಬಿದ್ದು ಪಟ್ಟ ಬಿಡಲು ನಿಶ್ಚಯಿಸಿದ. ತಮ್ಮ ಜಾನ್‌ನನ್ನು ಕರೆದು, ನೀನು ತೆಗೆದುಕೋ ಎಂದ. ಜಾನ್ ನನಗೆ ಬೇಡವೆಂದುಬಿಟ್ಟ. ಜಾನ್‌ನ ಹೆಂಡತಿಯೇ ನಮ್ಮ ಕಥೆಯ ಅತ್ತೆ, ಅನ್ನಾ ದಲಸ್ಸೀನಾ. ಆಕೆ ಗಂಡನ ಎದುರು ಬೇಡಿದಳು, ಅತ್ತಳು, ಮಕ್ಕಳ ಗತಿಯೇನೆಂದು ಕೇಳಿದಳು. ಆ ಮನುಷ್ಯ ಜಗ್ಗಲಿಲ್ಲ. ಮನೆ ಬಾಗಿಲಿಗೆ ಬಂದಿದ್ದ ಸಿಂಹಾಸನ ದುಕಾಸ್ ಮನೆತನದ ಪಾಲಾಯಿತು. ಅವತ್ತಿನಿಂದ ದುಕಾಸ್ ಎಂಬ ಹೆಸರು ಕಿವಿಗೆ ಬಿದ್ದರೆ ದಲಸ್ಸೀನಾಳಿಗೆ ಕೆಂಡ ತುಳಿದಂತೆ.

1067ರಲ್ಲಿ ಗಂಡ ತೀರಿಕೊಂಡ. ಎಂಟು ಮಕ್ಕಳು, ಐದು ಗಂಡು, ಮೂರು ಹೆಣ್ಣು. ನಾಲ್ಕು ವರ್ಷ ಕಳೆಯುವುದರಲ್ಲಿ ಹಿರಿಮಗ ಮ್ಯಾನುಯೆಲ್ ದಂಡಿನಲ್ಲಿದ್ದಾಗಲೇ ಕಾಯಿಲೆಯಿಂದ ಸತ್ತ. ಹದಿನಾಲ್ಕರ ಹುಡುಗ ಅಲೆಕ್ಸಿಯಸ್ ತಾನೂ ಯುದ್ಧಕ್ಕೆ ಬರುತ್ತೇನೆಂದು ಹಟ ಹಿಡಿದರೆ, ಚಕ್ರವರ್ತಿ ರೊಮಾನಸ್ ಅವನನ್ನು ತಾಯಿಯ ಬಳಿಗೆ ವಾಪಸು ಕಳುಹಿಸಿದ. ಒಂದು ದುಃಖದ ಮೇಲೆ ಇನ್ನೊಂದು ಆ ತಾಯಿಗೆ ಬೇಡ ಎಂದು. ಹುಡುಗನ ಆಯುಸ್ಸು ಗಟ್ಟಿ ಅನ್ನಬೇಕು! ಅದು 1071ರ ಮಾಂಜಿಕರ್ಟ್ ಯುದ್ಧ. ತುರ್ಕರ ಕೈಯಲ್ಲಿ ಸಾಮ್ರಾಜ್ಯದ ಸೈನ್ಯ ನುಚ್ಚುನೂರಾಗಿ, ಸ್ವತಃ ಚಕ್ರವರ್ತಿಯೇ ಸೆರೆಸಿಕ್ಕ.

ರೊಮಾನಸ್‌ನ ಪರ ಪತ್ರ ಬರೆದಳೆಂದು ದಲಸ್ಸೀನಾಳ ಮೇಲೆ ಆಮೇಲೆ ರಾಜದ್ರೋಹದ ಆರೋಪ ಬಂತು. ವಿಚಾರಣೆಯಲ್ಲಿ ಆಕೆ ಉಡುಪಿನೊಳಗಿಂದ ಯೇಸುವಿನ ಚಿತ್ರಪಟವನ್ನು ಹೊರತೆಗೆದು, ನನಗೂ ನಿಮಗೂ ನ್ಯಾಯಾಧೀಶ ಇವನೇ ಎಂದಳಂತೆ. ಕೆಲವರು ತಲೆ ತಗ್ಗಿಸಿದರು. ಆದರೂ ಮಕ್ಕಳೊಂದಿಗೆ ದ್ವೀಪವೊಂದಕ್ಕೆ ಗಡೀಪಾರು ತಪ್ಪಲಿಲ್ಲ.

ಅಂಥವಳ ಮಗ ಮದುವೆಯಾದದ್ದು ಯಾರನ್ನು ಗೊತ್ತೇ? ದುಕಾಸ್ ಮನೆಯ ಹುಡುಗಿಯನ್ನೇ! ಹೆಸರು ಐರೀನ್. 1078ರ ಸುಮಾರಿಗೆ ಮದುವೆಯಾದಾಗ ಅವಳಿಗೆ ಹನ್ನೆರಡರ ಆಸುಪಾಸು. ದೊಡ್ಡ ಮನೆತನದ ಬೆಂಬಲ ಮಗನಿಗೆ ಬೇಕಿತ್ತು. ತಾಯಿಗೆ ಈ ಸಂಬಂಧ ಸುತರಾಂ ಇಷ್ಟವಿರಲಿಲ್ಲ. ಸೊಸೆ ಹೊಸಿಲು ದಾಟಿದ್ದು ಹೀಗೆ.

ಶಿಲುಬೆ ಚಿಕ್ಕದಾಯಿತು!

ಆಗ ಪಟ್ಟದಲ್ಲಿದ್ದವನು ಮುದುಕ ನಿಕಿಫೊರಸ್ ಬೊಟಾನಿಯಾಟಿಸ್. ಅವನ ಪರವಾಗಿ ಬಂಡಾಯಗಾರರನ್ನು ಬಗ್ಗುಬಡಿದವನು ಇಪ್ಪತ್ತರ ಹರೆಯದ ಅಲೆಕ್ಸಿಯಸ್. ಗೆದ್ದ ಸೇನಾಪತಿಯ ಮೇಲೆ ಅರಮನೆಯಲ್ಲಿ ಹೊಟ್ಟೆಕಿಚ್ಚಿನವರು ಹುಟ್ಟಿಕೊಳ್ಳದೆ ಇರುತ್ತಾರೆಯೇ? ಅಣ್ಣ ಐಸಾಕ್ ಮತ್ತು ಅಲೆಕ್ಸಿಯಸ್ ಇಬ್ಬರ ಕಣ್ಣು ಕೀಳಿಸುವ ಸಂಚು ನಡೆದಿತ್ತೆಂದು ಅನ್ನಾ ಬರೆಯುತ್ತಾಳೆ. ಅವರ ಬೆನ್ನಿಗೆ ನಿಂತವಳು ಮುದುಕನ ಹೆಂಡತಿ, ಸುಂದರಿ ಮರಿಯಾ. ಜಾರ್ಜಿಯಾದ ರಾಜಕುಮಾರಿ ಅವಳು. ಮೊದಲ ಗಂಡ ಪಟ್ಟ ಕಳೆದುಕೊಂಡು ಸನ್ಯಾಸಿಯಾಗಿದ್ದ. ಅವನಿಂದ ಹುಟ್ಟಿದ ಪುಟ್ಟ ಮಗ ಕಾನ್‌ಸ್ಟಂಟೈನನಿಗೆ ಮುಂದೆ ಪಟ್ಟ ಸಿಗಬೇಕೆಂಬುದೊಂದೇ ಅವಳ ಚಿಂತೆ. ಮುದುಕನೋ ಬೇರೆಯವನನ್ನು ವಾರಸುದಾರನನ್ನಾಗಿ ಗುರುತಿಸಿದ್ದ. ಮರಿಯಾ ಅಲೆಕ್ಸಿಯಸ್‌ನನ್ನು ಶಾಸ್ತ್ರೋಕ್ತವಾಗಿ ದತ್ತುಮಗನನ್ನಾಗಿ ಮಾಡಿಕೊಂಡು, ಅರಮನೆಯ ಗುಟ್ಟುಗಳನ್ನು ಅವನ ಕಿವಿಗೆ ಹಾಕುತ್ತಿದ್ದಳು. ತಾಯಿಗೂ ಮಗನಿಗೂ ವಯಸ್ಸಿನಲ್ಲಿ ಹೆಚ್ಚು ಅಂತರವೇನೂ ಇರಲಿಲ್ಲ!

1081ರ ಫೆಬ್ರವರಿ ಮಧ್ಯದ ಒಂದು ರಾತ್ರಿ ಅಣ್ಣತಮ್ಮಂದಿರು ಊರು ಬಿಟ್ಟರು. ಅರಸನ ಲಾಯಕ್ಕೆ ನುಗ್ಗಿ ಬೇಕಾದ ಕುದುರೆಗಳನ್ನು ಹಿಡಿದುಕೊಂಡು, ಉಳಿದವು ಬೆನ್ನಟ್ಟಿ ಬಾರದಂತೆ ಅವುಗಳ ಹಿಂಗಾಲು ಕಡಿದು ಓಡಿದರು. ಮೂಕಪ್ರಾಣಿಗಳು ಏನು ಮಾಡಿದ್ದವೋ, ಪಾಪ.

ಗಂಡಸರೇನೋ ಓಡಿದರು. ಊರಲ್ಲಿ ಉಳಿದ ಹೆಂಗಸರು, ಮಕ್ಕಳು? ಅವರನ್ನು ಕಟ್ಟಿಕೊಂಡು ದಲಸ್ಸೀನಾ ಬೆಳಗಾಗುವ ಮುನ್ನ ಹಾಗಿಯಾ ಸೋಫಿಯಾ ದೇವಾಲಯದ ಆಶ್ರಯಕ್ಕೆ ಬಂದಳು. ಚಕ್ರವರ್ತಿಯ ದೂತರು ಬಂದು, ಅರಮನೆಗೆ ನಡೆಯಿರಿ ಎಂದರು. ನನ್ನ ಮಕ್ಕಳು ರಾಜದ್ರೋಹಿಗಳಲ್ಲ, ವೈರಿಗಳಿಗೆ ಹೆದರಿ ಹೋಗಿದ್ದಾರೆ ಎಂದು ವಾದಿಸಿದಳು. ಬರುತ್ತೇನೆ, ಒಂದು ನಮಸ್ಕಾರ ಮಾಡಿ ಬರುತ್ತೇನೆ ಎಂದಳು. ನಿಶ್ಶಕ್ತಳಂತೆ ಹೆಜ್ಜೆ ಎಳೆಯುತ್ತ ಗರ್ಭಗುಡಿಯ ಬಾಗಿಲ ಬಳಿ ಹೋದವಳೇ ಅದನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಕೈ ಕಡಿದರೆ ಮಾತ್ರ ಇಲ್ಲಿಂದ ಕದಲುವೆ. ಜೀವಕ್ಕೆ ಅಪಾಯವಿಲ್ಲವೆಂದು ಅರಸ ಶಿಲುಬೆಯ ಮೇಲೆ ಮಾತು ಕೊಡಲಿ ಎಂದು ಕೂಗಿದಳು. ದೂತ ತನ್ನ ಕೊರಳಿನ ಶಿಲುಬೆಯನ್ನೇ ತೆಗೆದುಕೊಟ್ಟ. ಬೇಡವೆಂದಳು. ಅರಸನೇ ಕಳುಹಿಸಬೇಕು, ಅದೂ ಎಲ್ಲರ ಕಣ್ಣಿಗೂ ಕಾಣುವಷ್ಟು ದೊಡ್ಡದಿರಬೇಕು! ಮುಚ್ಚಿದ ಕೋಣೆಯ ಮಾತಿಗೆ ಬೆಲೆಯಿಲ್ಲ, ಹತ್ತು ಜನರೆದುರಿನ ಮಾತನ್ನು ಮುರಿಯುವುದು ಕಷ್ಟ. ಇದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಅರಸ ಕಳುಹಿಸಿದ.

ಹೆಂಗಸರನ್ನೆಲ್ಲ ಪೆಟ್ರಿಯನ್ ಎಂಬ ಕನ್ಯಾಮಠದಲ್ಲಿ ಕೂಡಿಹಾಕಿದರು. ಐರೀನಳ ತಾಯಿಯೂ ಅಲ್ಲಿಗೇ ಬಂದಳು. ಬೀಗಿತ್ತಿ ಜಾಣೆ. ತಮ್ಮ ಮನೆಯಿಂದ ಬರುವ ಊಟದಲ್ಲಿ ಕಾವಲಿನವರಿಗೂ ಧಾರಾಳವಾಗಿ ಬಡಿಸಿದಳು. ತಿಂದ ಬಾಯಿ ಸುಮ್ಮನಿರುತ್ತದೆಯೇ? ಹೊರಗಿನ ಸುದ್ದಿಯೆಲ್ಲ ದಿನಾ ಒಳಗೆ ಬರತೊಡಗಿತು.

ಏಳು ದಿನ

ಅತ್ತ ದಂಡಿನಲ್ಲಿ ಯಾರು ಅರಸನಾಗಬೇಕೆಂಬ ಪ್ರಶ್ನೆ ಎದ್ದಿತು. ಐಸಾಕ್ ಹಿರಿಯ. ಆದರೆ ದುಕಾಸ್ ಕಡೆಯವರೆಲ್ಲ ತಮ್ಮ ಮನೆಯ ಅಳಿಯನ ಪರ ನಿಂತರು. ಕೊನೆಗೆ ಅಣ್ಣನೇ ಅರಸರ ಕೆಂಪು ಪಾದರಕ್ಷೆಯನ್ನು ತಮ್ಮನ ಕಾಲಿಗೆ ತೊಡಿಸಿದ. ಏಪ್ರಿಲ್ 1ರಂದು ಕೋಟೆಯ ಒಂದು ಬುರುಜಿನ ಕಾವಲಿಗಿದ್ದ ಜರ್ಮನ್ ಪಡೆಯವರು ಒಳಸಂಚಿಗೆ ಒಪ್ಪಿದ್ದರಿಂದ ಊರು ಕೈವಶವಾಯಿತು. ಆಮೇಲೆ ಆದದ್ದು ಲೂಟಿ. ಸೈನಿಕರು ಮನೆ, ಚರ್ಚು ಒಂದನ್ನೂ ಬಿಡಲಿಲ್ಲ. ಮುದುಕ ಬೊಟಾನಿಯಾಟಿಸ್ ಸನ್ಯಾಸಿಯಾದ. ಹೊಸ ಬದುಕು ಹೇಗಿದೆ ಎಂದು ಕೇಳಿದವರಿಗೆ, ಮಾಂಸ ತಿನ್ನುವಂತಿಲ್ಲ ಎಂಬುದೊಂದೇ ತೊಂದರೆ ಎಂದನಂತೆ!

ಏಪ್ರಿಲ್ 4, ಈಸ್ಟರ್ ಹಬ್ಬ. ಅಲೆಕ್ಸಿಯಸ್‌ಗೆ ಪಟ್ಟಾಭಿಷೇಕವಾಯಿತು. ಅವನೊಬ್ಬನಿಗೇ!

ಹದಿನೈದು ವರ್ಷದ ಐರೀನ್ ತಾಯಿ, ಅಕ್ಕತಂಗಿಯರೊಂದಿಗೆ ಕೆಳಗಿನ ಅರಮನೆಯಲ್ಲಿ. ಗಂಡ, ಅತ್ತೆ ಮೇಲಿನ ಅರಮನೆಯಲ್ಲಿ. ಸುಂದರಿ ಮರಿಯಾ ಇನ್ನೂ ಅರಮನೆ ಬಿಟ್ಟು ಕದಲಿರಲಿಲ್ಲ. ಊರೆಲ್ಲ ಗುಸುಗುಸು: ಚಕ್ರವರ್ತಿ ಐರೀನಳನ್ನು ಬಿಟ್ಟು ಮರಿಯಾಳನ್ನು ಮದುವೆಯಾಗುತ್ತಾನಂತೆ. ಮಗಳು ಅನ್ನಾ ಇದನ್ನು ಬರಿಯ ಗಾಳಿಮಾತೆಂದು ತಳ್ಳಿಹಾಕುತ್ತಾಳೆ. ಮಗಳಾಗಿ ಅವಳು ಇನ್ನೇನು ಬರೆದಾಳು? ಆದರೆ ಹೆಂಡತಿಗೆ ಕಿರೀಟವಿಲ್ಲದ ಪಟ್ಟಾಭಿಷೇಕವನ್ನು ಗಾಳಿಮಾತು ಎನ್ನಲಾಗುವುದಿಲ್ಲ. ಬೇಡದ ಸೊಸೆಯನ್ನು ಕಳಚಿಕೊಳ್ಳಲು ದಲಸ್ಸೀನಾಳಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ.

ಐರೀನಳನ್ನು ಉಳಿಸಿದವರು ಇಬ್ಬರು. ಒಬ್ಬ ಅವಳ ಅಕ್ಕತಂಗಿಯರಲ್ಲೊಬ್ಬಳ ಗಂಡ ಜಾರ್ಜ್ ಪಾಲಿಯಾಲಗಸ್. ನೌಕಾಪಡೆಯವರಿಂದ ಅಲೆಕ್ಸಿಯಸ್ ಮತ್ತು ಐರೀನ್ ಎಂದು ಜೋಡಿ ಹೆಸರಿನ ಜಯಕಾರ ಹಾಕಿಸಿದವನು ಅವನು. ಐರೀನ್ ಹೆಸರು ಬೇಡವೆಂದು ಕೊಮ್ನೀನಸ್ ಕಡೆಯವರು ಗದರಿದಾಗ, ನಾನು ಇಷ್ಟೆಲ್ಲ ಹೋರಾಡಿದ್ದು ನಿಮಗಾಗಿ ಅಲ್ಲ, ಐರೀನಳಿಗಾಗಿ ಎಂದು ಮುಖಕ್ಕೆ ಹೊಡೆದಂತೆ ಹೇಳಿದ. ಇನ್ನೊಬ್ಬ ಮುದಿ ಧರ್ಮಗುರು ಕಾಸ್ಮಸ್. ಅವನನ್ನು ಇಳಿಸಿ ತನ್ನ ಮೆಚ್ಚಿನವನನ್ನು ಆ ಪೀಠಕ್ಕೆ ತರಲು ದಲಸ್ಸೀನಾ ಒತ್ತಡ ಹಾಕುತ್ತಿದ್ದಳು. ಇಳಿಯುತ್ತೇನೆ, ಆದರೆ ನನ್ನ ಕೈಯಿಂದಲೇ ಐರೀನಳಿಗೆ ಕಿರೀಟ ತೊಡಿಸಿದ ಮೇಲೆ ಎಂದು ಅವನು ಪಟ್ಟು ಹಿಡಿದ.

ಏಳನೆಯ ದಿನ ಐರೀನ್ ಮಹಾರಾಣಿಯಾದಳು. ಮರಿಯಾ ಮಗನ ಹಕ್ಕಿಗೆ ಲಿಖಿತ ಭರವಸೆ ಪಡೆದು ಅರಮನೆ ಬಿಟ್ಟಳು. ಕಾಸ್ಮಸ್ ಮೇ ತಿಂಗಳಲ್ಲಿ ಪೀಠ ಬಿಟ್ಟ.

ಲೂಟಿಯ ಪಾಪ ಮಾತ್ರ ಅಲೆಕ್ಸಿಯಸ್‌ನನ್ನು ಕೊರೆಯುತ್ತಿತ್ತು. ತಾಯಿಯ ಮುಂದೆ ತೋಡಿಕೊಂಡ. ಧರ್ಮಗುರುಗಳು ವಿಧಿಸಿದಂತೆ ನಲವತ್ತು ದಿನ ಉಪವಾಸ. ರಾಜವಸ್ತ್ರದೊಳಗೆ ಒರಟು ಬಟ್ಟೆ, ನೆಲದ ಮೇಲೆ ನಿದ್ದೆ, ತಲೆಗೆ ಕಲ್ಲು. ಮನೆಯ ಹೆಂಗಸರೂ ಆ ವ್ರತ ಹಿಡಿದರು. ಅವರು ಯಾವ ಲೂಟಿ ಮಾಡಿದ್ದರು ಅಂತ ಕೇಳಬೇಡಿ.

ಮುದ್ರೆ ಯಾರ ಕೈಯಲ್ಲಿ?

ಅದೇ ಆಗಸ್ಟಿನಲ್ಲಿ ಇಟಲಿಯ ನಾರ್ಮನ್ನರ ಮೇಲೆ ಯುದ್ಧಕ್ಕೆ ಹೊರಡುವ ಮುನ್ನ ಅಲೆಕ್ಸಿಯಸ್ ಒಂದು ರಾಜಾಜ್ಞೆ ಹೊರಡಿಸಿದ. ತನ್ನ ತಾಯಿ ಬರೆದು ಕೊಟ್ಟದ್ದು, ಬಾಯಲ್ಲಿ ಹೇಳಿದ್ದು, ಸಕಾರಣವೋ ಅಕಾರಣವೋ, ಎಲ್ಲವೂ ತನ್ನದೇ ಆಜ್ಞೆಯಂತೆ ಎಂದು! ಹೆಂಡತಿಯ ಹೆಸರು ಅದರಲ್ಲಿ ಎಲ್ಲಿಂದ ಬರಬೇಕು? ಸೊಸೆಗೆ ಕಿರೀಟ ಸಿಕ್ಕಿತು, ಅಧಿಕಾರ ಅತ್ತೆಗೆ ಹೋಯಿತು. ಸುಮಾರು ಇಪ್ಪತ್ತು ವರ್ಷ ದಲಸ್ಸೀನಾ ರಾಜ್ಯದ ಆಡಳಿತ ನೋಡಿಕೊಂಡಳು. ಪ್ರಾರ್ಥನೆಗೊಂದು ಹೊತ್ತು, ಕಡತಗಳಿಗೊಂದು ಹೊತ್ತು, ಊಟಕ್ಕೊಂದು ಹೊತ್ತು. ಅಂತಃಪುರ ಮಠದಂತಾಯಿತು ಎನ್ನುತ್ತಾಳೆ ಮೊಮ್ಮಗಳು.

ಮಗನ ಪಾಡು ದಂಡಿನಲ್ಲೇ. ಅಕ್ಟೋಬರಿನಲ್ಲಿ ಡುರಾಜೋ ಕೋಟೆಯ ಬಳಿ ನಾರ್ಮನ್ನರ ಕೈಯಲ್ಲಿ ಸೋತು, ಹಣೆಗೆ ಗಾಯ ಮಾಡಿಕೊಂಡು ಒಬ್ಬಂಟಿಯಾಗಿ ಪಾರಾದ. ಬೊಕ್ಕಸ ಬರಿದು. ಹೊಸ ಸೈನ್ಯಕ್ಕೆ ದುಡ್ಡಿಲ್ಲ. ಆಗ ತವರಿನಿಂದ ಬಂದ ಚಿನ್ನ ಬೆಳ್ಳಿಯನ್ನೆಲ್ಲ ಮೊದಲು ತಂದು ಸುರಿದವಳು ಐರೀನ್. ತನಗೆ ಕಿರೀಟ ಕೊಡಲು ಏಳು ದಿನ ಮೀನಮೇಷ ಎಣಿಸಿದ ಮನೆಗೆ! ಅದೂ ಸಾಲದೆ ಚರ್ಚುಗಳ ಬೆಳ್ಳಿಬಂಗಾರಕ್ಕೂ ಅರಸ ಕೈಹಾಕಿ ಶಾಪ ಹಾಕಿಸಿಕೊಂಡ.

1083ರ ಡಿಸೆಂಬರಿನಲ್ಲಿ ಮೊದಲ ಹೆರಿಗೆ. ನೋವು ಶುರುವಾದಾಗ ಗಂಡ ಇನ್ನೂ ಯುದ್ಧದಿಂದ ಬಂದಿಲ್ಲ. ಐರೀನ್ ಹೊಟ್ಟೆಯ ಮೇಲೆ ಶಿಲುಬೆಯ ಗುರುತು ಮಾಡಿ, ಅಪ್ಪ ಬರುವ ತನಕ ತಡೆ ಮಗು ಎಂದಳಂತೆ. ಅವನು ಬರುವುದು ಇನ್ನೊಂದು ತಿಂಗಳಾದರೆ ಏನು ಮಾಡುತ್ತೀ ಎಂದು ತಾಯಿ ಬೈದಳು. ಆ ಮಗುವೇ ಅನ್ನಾ. ತಾನು ಹೊಟ್ಟೆಯಲ್ಲಿದ್ದಾಗಲೇ ಹಿರಿಯರ ಮಾತು ಕೇಳಿದವಳೆಂದು ಹೆಮ್ಮೆಯಿಂದ ಬರೆದುಕೊಂಡಿದ್ದಾಳೆ. ಮರಿಯಾಳ ಮಗ ಕಾನ್‌ಸ್ಟಂಟೈನನ ಜೊತೆ ಆ ಕೂಸಿಗೆ ನಿಶ್ಚಯವೂ ಆಯಿತು, ಇಬ್ಬರೂ ಮುಂದೆ ಪಟ್ಟಕ್ಕೆ ಬರುವವರೆಂದು. ಆದರೆ 1087ರಲ್ಲಿ ತಮ್ಮ ಜಾನ್ ಹುಟ್ಟಿದ. ಲೆಕ್ಕವೆಲ್ಲ ತಲೆಕೆಳಗು. ಕಾನ್‌ಸ್ಟಂಟೈನ್ ಹರೆಯದಲ್ಲೇ ತೀರಿಕೊಂಡ.

ಅಲೆಕ್ಸಿಯಸ್ ಗೆಲ್ಲುವುದನ್ನೂ ಕಲಿತ. ಉತ್ತರದಿಂದ ನುಗ್ಗಿದ್ದ ಪೆಚನೆಗ್ ಜನರನ್ನು 1091ರ ಏಪ್ರಿಲ್ 29ರಂದು ಸದೆಬಡಿದ. ಚಿನ್ನದ ನಾಣ್ಯದಲ್ಲಿ ಚಿನ್ನವನ್ನು ಹುಡುಕಬೇಕಾದ ಕಾಲ ಅದು. 1092ರಲ್ಲಿ ಇಪ್ಪತ್ತೂವರೆ ಕ್ಯಾರಟ್ಟಿನ ಹೊಸ ನಾಣ್ಯ ಹೊರಡಿಸಿದ. ತುರ್ಕರ ವಿರುದ್ಧ ಪಶ್ಚಿಮದವರಲ್ಲಿ ನೆರವು ಕೇಳಿದ್ದಕ್ಕೆ 1096ರಲ್ಲಿ ದಂಡುದಂಡಾಗಿ ಶಿಲುಬೆಯ ಯೋಧರೇ ಬಂದಿಳಿದರು. ಅವರನ್ನು ಊಟ ಹಾಕಿ, ಪ್ರಮಾಣ ಮಾಡಿಸಿ, ಬೇಗ ಆಚೆ ದಡಕ್ಕೆ ಸಾಗಿಸುವುದರಲ್ಲಿ ಸಾಕುಸಾಕಾಯಿತು.

ಸುಮಾರು 1100ರಲ್ಲಿ ದಲಸ್ಸೀನಾ ತಾನೇ ಕಟ್ಟಿಸಿದ ಮಠಕ್ಕೆ ಹೊರಟುಹೋದಳು. ಯಾರೂ ಹೊರಡಿಸಲಿಲ್ಲ, ಸಮಯ ನೋಡಿ ತಾನೇ ಹೋದಳೆನ್ನುತ್ತಾರೆ. ಐರೀನ್ ಈಗ ಮುಂದೆ ಬಂದಳು. ಗಂಡನಿಗೆ ಕೀಲುವಾತ. ರಾತ್ರಿಯಲ್ಲಿ ಕಾಲು ನೀವುವುದು ಅವಳ ಕೈಯಿಂದಲೇ ಆಗಬೇಕು. ದಂಡಯಾತ್ರೆಗೂ ಜೊತೆಗೆ ಕರೆದೊಯ್ಯುತ್ತಿದ್ದ. ಉಪಚಾರಕ್ಕೆ, ವಿಷಪ್ರಯೋಗವಾಗದಂತೆ ಕಾಯುವುದಕ್ಕೆ ಎಂದು ಮಗಳ ವಿವರಣೆ. ಊರಲ್ಲಿ ಬಿಟ್ಟರೆ ಏನು ಮಾಡುತ್ತಾಳೋ ಎಂಬ ಅಂಜಿಕೆಗೆ ಎನ್ನುವ ಇತಿಹಾಸಕಾರರೂ ಇದ್ದಾರೆ. ಏಕೆಂದರೆ ಐರೀನ್‌ಗೆ ಮಗ ಜಾನ್ ಬೇಡವಾಗಿದ್ದ. ಮಗಳು ಅನ್ನಾ, ಅಳಿಯ ಬ್ರಯೆನಿಯಸ್ ಪಟ್ಟಕ್ಕೆ ಬರಲೆಂದು ಅವಳ ಆಸೆ. ಗಂಡ ಕೇಳಿಸಿಕೊಳ್ಳುತ್ತಿದ್ದ, ಉತ್ತರ ಕೊಡುತ್ತಿರಲಿಲ್ಲ.

1118ರ ಆಗಸ್ಟ್ 15. ಉಸಿರು ಸಿಗದೆ ಒದ್ದಾಡುತ್ತಿದ್ದ ಚಕ್ರವರ್ತಿಯ ಪಕ್ಕದಲ್ಲಿ ಹೆಂಡತಿ, ಹೆಣ್ಣುಮಕ್ಕಳು. ವೈದ್ಯ ಬಲ್ಲ ಅನ್ನಾಳ ಬೆರಳು ಅಪ್ಪನ ನಾಡಿಯ ಮೇಲೆ. ಆಗ ಜಾನ್ ಬಂದು ತಂದೆಯ ಬೆರಳಿನ ಮುದ್ರೆಯುಂಗುರ ತೆಗೆದುಕೊಂಡು ದೊಡ್ಡ ಅರಮನೆಗೆ ಧಾವಿಸಿದನೆಂದು ಬೇರೆ ಇತಿಹಾಸಕಾರರು ಬರೆದಿದ್ದಾರೆ. ತಂದೆಯೇ ಕೊಟ್ಟನೋ, ಮಗನೇ ಎಳೆದುಕೊಂಡನೋ, ಒಬ್ಬೊಬ್ಬರದು ಒಂದೊಂದು ಮಾತು. ಬದುಕಿದ್ದಾಗ ಕಪಟ, ಸಾಯುವಾಗಲೂ ಕಪಟ ಎಂದು ಐರೀನ್ ಗಂಡನ ಮುಖದೆದುರೇ ಅಂದಳಂತೆ.

ಮರುವರ್ಷ ತಮ್ಮನ ವಿರುದ್ಧ ಅನ್ನಾ ಸಂಚು ಹೂಡಿದಳೆಂದೂ, ಗಂಡ ಹಿಂಜರಿದದ್ದರಿಂದ ಅದು ಕೆಟ್ಟಿತೆಂದೂ ಹಳೆಯ ಕಥೆ. ಅವಳ ಮೇಲೆ ಇಷ್ಟು ದೊಡ್ಡ ಆರೋಪ ಹೊರಿಸುವುದು ಸರಿಯೇ ಎಂದು ಈಚಿನ ವಿದ್ವಾಂಸರಲ್ಲಿ ಕೆಲವರು ಕೇಳುತ್ತಾರೆ. ತಾಯಿಮಗಳಿಬ್ಬರೂ ಐರೀನ್ ಕಟ್ಟಿಸಿದ ಕನ್ಯಾಮಠದ ನೆರಳು ಸೇರಿದರು. ಗಂಡ ಸತ್ತ ಮೇಲೆ ಅನ್ನಾ ಅಪ್ಪನ ಚರಿತ್ರೆ ಬರೆದು ಮುಗಿಸಿದಳು. ಆ ಸಾವಿನ ದಿನ ಅಮ್ಮ ರಾಣಿಯ ಮುಸುಕು ಕಿತ್ತೆಸೆದದ್ದು, ಕೂದಲು ಕತ್ತರಿಸಿಕೊಂಡದ್ದು, ಕೆಂಪು ಪಾದರಕ್ಷೆ ಬಿಟ್ಟು ಕಪ್ಪು ಪಾದರಕ್ಷೆ ತರಿಸಿಕೊಂಡದ್ದು ಎಲ್ಲ ಅದರಲ್ಲಿದೆ. ತಮ್ಮನ ಬಗ್ಗೆ, ಅವನು ಅರಮನೆಗೆ ಧಾವಿಸಿದ ಎಂಬಷ್ಟೇ ಇದೆ. ಉಂಗುರದ ಸುದ್ದಿಯೇ ಇಲ್ಲ.