ಕಡಲಿಗೆ ಹೊರಟ ಸೈಕಲ್ ಅಂಗಡಿಯವ

ಅಕ್ಕಲಕೋಟೆ ತಾಲೂಕಿನ ನಮ್ಮ ಸೀಮೆ ನೀರಿಗೆ ಹೆಸರಾದುದಲ್ಲ. ಬೇಸಗೆ ಬಂದರೆ ಬಾವಿಗಳ ತಳ ಕಾಣುತ್ತದೆ, ಹಳ್ಳಗಳು ದಾರಿಗಳಾಗುತ್ತವೆ. ಕಡಲನ್ನು ಚಿತ್ರಪಟದಲ್ಲಷ್ಟೇ ಕಂಡ ಹಿರಿಯರು ನಮ್ಮಲ್ಲಿ ಈಗಲೂ ಇದ್ದಾರೆ. ಇಂಥ ಸೀಮೆಯ ಒಂದು ಸಂತೆಯ ಊರಿನಲ್ಲಿ ಸೈಕಲ್ ಅಂಗಡಿ ನಡೆಸುವ ಗೃಹಸ್ಥನೊಬ್ಬ, ತನ್ನ ನಾಲ್ವತ್ತಮೂರನೆಯ ವಯಸ್ಸಿನಲ್ಲಿ, ಗೋವೆಯ ಕಡಲಿಗಿಳಿದು ಸುಮಾರು ಎರಡು ಕಿಲೋಮೀಟರು ಈಜಿ, ಆಮೇಲೆ 90 ಕಿಲೋಮೀಟರು ಸೈಕಲ್ ತುಳಿದು, ಅದರ ಮೇಲೆ 21 ಕಿಲೋಮೀಟರು ಓಡುವುದಕ್ಕೆ ಸಿದ್ಧನಾಗುತ್ತಿದ್ದಾನೆಂದರೆ ಓದುಗ ಬಂಧುಗಳು ನಂಬುವರೋ ಇಲ್ಲವೋ! ಮೊದಲಿಗೆ ನಾನೂ ನಂಬಲಿಲ್ಲ. ಅವನು ನನ್ನ ಹಳೆಯ ವಿದ್ಯಾರ್ಥಿ. ಹೆಸರು ಬರೆಯಬೇಡಿರೆಂದು ಕೇಳಿಕೊಂಡದ್ದರಿಂದ ಬರೆಯುತ್ತಿಲ್ಲ. “ಮುಗಿಸಿ ಬಂದ ಮ್ಯಾಲ ಬರೀರಿ ಗುರುಗಳ, ಈಗ ಬರದರ ನಾಲ್ಕು ಮಂದಿ ನಗತಾರ” ಎಂದ. ಸ್ಪರ್ಧೆ ಮುಗಿದ ಮೇಲೆ ಎಲ್ಲರೂ ಬರೆಯುತ್ತಾರೆ. ಸಿದ್ಧತೆಯ ದಿನಗಳ ಕಥೆಯೇ ನಮ್ಮ ಮಕ್ಕಳಿಗೆ ಹೆಚ್ಚು ಉಪಯುಕ್ತವೆಂದು ತಿಳಿದು ಈ ನಾಲ್ಕು ಮಾತು.

ಏನಿದು ತ್ರಿವಿಧ ಸ್ಪರ್ಧೆ?

ಈಜು, ಸೈಕಲ್, ಓಟ ಈ ಮೂರನ್ನೂ ನಡುವೆ ವಿಶ್ರಾಂತಿಯಿಲ್ಲದೆ ಒಂದರ ಹಿಂದೊಂದು ಪೂರೈಸುವ ಸ್ಪರ್ಧೆಗೆ ಟ್ರಯಥ್ಲಾನ್ ಎಂದು ಹೆಸರು. ಈ ಹೆಸರಿನ ಮೊದಲ ಸ್ಪರ್ಧೆ 1974ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದ ಮಿಷನ್ ಬೇ ಎಂಬಲ್ಲಿ ನಡೆಯಿತು. ಅದರಲ್ಲಿ ಪಾಲ್ಗೊಂಡಿದ್ದವರಲ್ಲಿ ಜಾನ್ ಕಾಲಿನ್ಸ್ ಎಂಬ ನೌಕಾದಳದ ಅಧಿಕಾರಿಯೊಬ್ಬರು. ಮುಂದೆ ಅವರು ಹವಾಯಿಯಲ್ಲಿದ್ದಾಗ, ಈಜುಗಾರ, ಓಟಗಾರ, ಸೈಕಲ್ ಸವಾರ ಈ ಮೂವರಲ್ಲಿ ಹೆಚ್ಚು ಗಟ್ಟಿಗನಾರೆಂಬ ಚರ್ಚೆ ಎದ್ದಿತು. ಅಲ್ಲಿ ಬೇರೆ ಬೇರೆಯಾಗಿ ನಡೆಯುತ್ತಿದ್ದ ಮೂರು ಸ್ಪರ್ಧೆಗಳನ್ನು ಒಂದೇ ದಿನಕ್ಕೆ ಹೆಣೆದರೆ ಉತ್ತರ ಸಿಕ್ಕೀತೆಂದು ಕಾಲಿನ್ಸ್ ದಂಪತಿಗಳು ಸೂಚಿಸಿದರು. 1978ರ ಫೆಬ್ರವರಿ 18ರಂದು 15 ಜನರು ನೀರಿಗಿಳಿದರು. 12 ಜನರು ಗುರಿ ಮುಟ್ಟಿದರು. ಈಜು 3.8, ಸೈಕಲ್ 180, ಓಟ 42.2 ಕಿಲೋಮೀಟರು. ‘ಐರನ್‌ಮ್ಯಾನ್’, ಎಂದರೆ ಉಕ್ಕಿನ ಮನುಷ್ಯ, ಎಂಬ ಹೆಸರು ಹುಟ್ಟಿದ್ದು ಆಗಲೇ.

ಆ ಮೊದಲ ವರ್ಷ ಗೆದ್ದವರು ಯಾರೆಂದು ಕೇಳಿದರೆ ನಮ್ಮ ಓದುಗರಿಗೆ ಹಿತವೆನಿಸೀತು. 11 ಗಂಟೆ 46 ನಿಮಿಷ 58 ಸೆಕೆಂಡಿನಲ್ಲಿ ಮುಗಿಸಿದ ಗಾರ್ಡನ್ ಹ್ಯಾಲರ್ ಹೊಟ್ಟೆಪಾಡಿಗಾಗಿ ಟ್ಯಾಕ್ಸಿ ಓಡಿಸುತ್ತಿದ್ದವರು. ಮರುವರ್ಷ, 1979ರಲ್ಲಿ, ಗೆದ್ದ ಟಾಮ್ ವಾರೆನ್ ಸ್ಯಾನ್ ಡಿಯಾಗೋದಲ್ಲಿ ಪಾನಗೃಹ ನಡೆಸುತ್ತಿದ್ದ ವ್ಯಾಪಾರಿ. ಈ ಸ್ಪರ್ಧೆ ಹುಟ್ಟಿದ್ದೇ ದುಡಿದುಣ್ಣುವವರ ನಡುವೆ. ಬೆಲೆಬಾಳುವ ಸೈಕಲ್ಲುಗಳೂ ದೊಡ್ಡ ಬಹುಮಾನಗಳೂ ಅನಂತರ ಬಂದವು.

ಇದರ ಅರ್ಧ ಅಳತೆಯ ಸ್ಪರ್ಧೆ ಗೋವೆಯಲ್ಲಿ ಪಣಜಿಯ ಮೀರಾಮಾರ್ ಕಡಲದಂಡೆಯಲ್ಲಿ ಮೊದಲ ಬಾರಿಗೆ 2019ರ ಅಕ್ಟೋಬರ್ 20ರಂದು ನಡೆಯಿತು. ಈಜು 1.9, ಸೈಕಲ್ 90, ಓಟ 21.1, ಒಟ್ಟು 113 ಕಿಲೋಮೀಟರು. ಮೈಲಿಯ ಲೆಕ್ಕದಲ್ಲಿ 70.3 ಆಗುವುದರಿಂದ ಆ ಸಂಖ್ಯೆಯಿಂದಲೇ ಅದನ್ನು ಕರೆಯುತ್ತಾರೆ. ಮೊದಲ ವರ್ಷ ಭಾರತೀಯ ಸೇನೆಯ ಬಿಶ್ವೋರ್ಜಿತ್ ಸೈಖೋಮ್ ಐದು ಗಂಟೆಯೊಳಗೆ ಮುಗಿಸಿ ಮೊದಲಿಗರಾದರು. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 8 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ ಪೂರೈಸಿದರು. ಒಟ್ಟು ಅವಧಿ ಎಂಟೂವರೆ ಗಂಟೆ. ಅದರಾಚೆ ಬಂದವರ ಹೆಸರು ಪಟ್ಟಿಯಲ್ಲಿ ಸೇರದು. ನಮ್ಮ ಸೈಕಲ್ ಅಂಗಡಿಯವನ ಕಣ್ಣು ಮೊದಲ ಸ್ಥಾನದ ಮೇಲಿಲ್ಲ, ಈ ಎಂಟೂವರೆ ಗಂಟೆಯ ಮೇಲಿದೆ.

ಚಕ್ರದ ಪಾಠ

ಒಂದು ಸಂಜೆ ಅವನ ಅಂಗಡಿಯ ಮುಂದೆ ಕುಳಿತಿದ್ದೆ. ಯಾರೋ ಹುಡುಗ ಸೊಟ್ಟಗಾದ ಚಕ್ರವೊಂದನ್ನು ತಂದಿದ್ದ. ನಮ್ಮ ಹಳೆಯ ಮಾದರಿಯ ಸೈಕಲ್ಲಿನಲ್ಲಿ ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿಗಳಿರುತ್ತವೆ. ಚಕ್ರವನ್ನು ತಿರುವಿ ಬಿಟ್ಟು, ಎಲ್ಲಿ ಓರೆಯಾಗುತ್ತದೆಂದು ನೋಡಿ, ಅಲ್ಲಿಯ ಕಡ್ಡಿಯನ್ನು ಕಾಲು ಸುತ್ತು ಬಿಗಿಗೊಳಿಸಿದ. ಎದುರಿನ ಬದಿಯದನ್ನು ಕಾಲು ಸುತ್ತು ಸಡಿಲಿಸಿದ. ಮತ್ತೆ ತಿರುವಿ ನೋಡಿದ. “ಒಂದೇ ಕಡ್ಡಿಗೆ ಪೂರಾ ಬಿಗಿದರೆ ಬೇಗ ಆಗದೆ?” ಎಂದು ಕೇಳಿದೆ. “ಆ ಕಡ್ಡಿ ಹರೀತದ, ಇಲ್ಲಾ ಚಕ್ರ ಇನ್ನೊಂದು ಕಡೆ ಸೊಟ್ಟ ಆಗತದ ಗುರುಗಳ. ಎಲ್ಲಾಕೂ ಸ್ವಲ್ಪ ಸ್ವಲ್ಪ, ನೋಡಿಕೋತ ಹೋಗಬೇಕು” ಎಂದ.

ಅವನ ಸಿದ್ಧತೆಯ ಗುಟ್ಟೆಲ್ಲ ಈ ಮಾತಿನಲ್ಲಿದೆ. ವಾರಕ್ಕೆ ಎರಡು ದಿನ ಓಟ, ಎರಡು ದಿನ ಸೈಕಲ್, ಎರಡು ದಿನ ಈಜು, ಸಂತೆಯ ದಿನ ವಿಶ್ರಾಂತಿ. ಸಂತೆಯ ದಿನ ಅಂಗಡಿ ಬಿಡುವಂತಿಲ್ಲವೆಂಬುದೂ ಒಂದು ಕಾರಣ! ಪ್ರತಿ ವಾರ ದೂರವನ್ನು ಸ್ವಲ್ಪವೇ ಹೆಚ್ಚಿಸುವುದು, ನಾಲ್ಕನೆಯ ವಾರ ತಗ್ಗಿಸುವುದು. ದೇಹವು ಶ್ರಮದಿಂದ ದಣಿಯುತ್ತದೆ, ವಿಶ್ರಾಂತಿಯಲ್ಲಿ ಬಲಗೊಳ್ಳುತ್ತದೆ. ಈ ತಗ್ಗಿಸುವ ವಾರವನ್ನು ಮರೆತವರೇ ಮೊಣಕಾಲು, ಹಿಮ್ಮಡಿ ನೋಯಿಸಿಕೊಂಡು ಮನೆಯಲ್ಲಿ ಕೂರುವವರು.

ಸೋಲಾಪುರ ನಮ್ಮಿಂದ ಸುಮಾರು 40 ಕಿಲೋಮೀಟರು. ಅಂಗಡಿಯ ಸಾಮಾನಿಗಾಗಿ ಮೊದಲು ಬಸ್ಸಿನಲ್ಲಿ ಹೋಗುತ್ತಿದ್ದವನು ಈಗ ಸೈಕಲ್ಲಿನಲ್ಲಿ ಹೋಗಿ ಬರುತ್ತಾನೆ. ಟ್ಯೂಬು, ಚೈನುಗಳ ಗಂಟನ್ನು ಮಾತ್ರ ಬಸ್ಸಿಗೆ ಹಾಕುತ್ತಾನೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಕಾಟವೆಂದು ನಸುಕಿನಲ್ಲಿ ದೀಪ ಹಚ್ಚಿ ಹೊರಡುತ್ತಾನೆ. ಲಕ್ಷಗಟ್ಟಲೆ ಬೆಲೆಯ ಸೈಕಲ್ಲು ಅವನದಲ್ಲ. ಯಾರೋ ಮಾರಿದ ಹಳೆಯ ಅಲ್ಯುಮಿನಿಯಂ ಚೌಕಟ್ಟಿಗೆ ತಾನೇ ಚಕ್ರ ಕಟ್ಟಿ, ಬ್ರೇಕು ಕೂಡಿಸಿ, ಸಿದ್ಧಪಡಿಸಿಕೊಂಡದ್ದು.

ಸೈಕಲ್ಲಿನಿಂದ ಇಳಿದ ಕೂಡಲೆ ಓಡುವುದು ಬೇರೆಯೇ ಒಂದು ವಿದ್ಯೆ. ಗಂಟೆಗಟ್ಟಲೆ ಸುತ್ತು ಹಾಕಿದ ಕಾಲುಗಳು ನೆಲಕ್ಕೆ ತಾಗಿದಾಗ ತಮ್ಮವೇ ಅಲ್ಲವೆಂಬಂತೆ ಭಾರವಾಗುತ್ತವೆ. ಆದ್ದರಿಂದ ದೂರದ ಸವಾರಿಯ ದಿನ ಸೈಕಲ್ಲನ್ನು ಗೋಡೆಗೆ ಒರಗಿಸಿ ಹತ್ತು–ಹದಿನೈದು ನಿಮಿಷ ಓಡುವುದನ್ನು ರೂಢಿಸಿಕೊಳ್ಳಬೇಕು.

ಆಹಾರದ ಲೆಕ್ಕವೂ ಉಂಟು. ದೇಹದಲ್ಲಿ ಕೂಡಿಟ್ಟ ಪಿಷ್ಟದ ಸಕ್ಕರೆ ಗಟ್ಟಿ ದುಡಿಮೆಗೆ ಒಂದೂವರೆ–ಎರಡು ಗಂಟೆ ಸಾಕಾದೀತು. ಆಮೇಲೆ ಹೊರಗಿನಿಂದ ಕೊಡಬೇಕು. ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆಯ ಅಂಶ ಬೇಕೆಂದು ಬಲ್ಲವರು ಹೇಳುತ್ತಾರೆ, ಎಂದರೆ ಹೆಚ್ಚುಕಡಿಮೆ ಎರಡು ಬಾಳೆಹಣ್ಣು. ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಿಂದಿನ ದಿನಗಳಿಗೆ ಉತ್ತಮ. ಸ್ಪರ್ಧೆಯ ನಡುವೆ ಹೊಟ್ಟೆಗೆ ಭಾರ. ನೀರನ್ನಷ್ಟೇ ಕುಡಿಯುತ್ತ ಹೋದರೂ ಅಪಾಯ. ಬೆವರಿನೊಡನೆ ಉಪ್ಪು ಹೋಗುವುದರಿಂದ ಬರಿಯ ನೀರು ಅತಿಯಾದರೆ ರಕ್ತದ ಉಪ್ಪಿನಂಶ ಇಳಿದು ತಲೆ ಸುತ್ತೀತು, ಪ್ರಾಣಕ್ಕೂ ಬಂದೀತು. ಉಪ್ಪು, ಬೆಲ್ಲ, ಲಿಂಬೆಯ ಪಾನಕವನ್ನು ಅವನ ಹೆಂಡತಿ ಬಾಟಲಿಗೆ ತುಂಬಿಕೊಡುತ್ತಾಳೆ. ನಮ್ಮ ಬಿಸಿಲು ಗೋವೆಯದಕ್ಕಿಂತ ಉಗ್ರ. ಆದರೂ ಅಲ್ಲಿಯ ಸೆಕೆ ಬೇರೆ. ಒಣಗಾಳಿಯಲ್ಲಿ ಬೆವರು ಆರಿ ಮೈ ತಂಪಾಗುತ್ತದೆ, ಕಡಲ ತೇವದ ಗಾಳಿಯಲ್ಲಿ ಬೆವರು ಆರದೆ ಸುಮ್ಮನೆ ಇಳಿಯುತ್ತದೆ. ಆದ್ದರಿಂದ ಬಿಸಿಲಿಗೆ ಹೊಂದಿದವನೂ ಅಲ್ಲಿ ಮೈಮರೆಯುವಂತಿಲ್ಲ.

ಬಾವಿಯ ಈಜು, ಕಡಲ ಈಜು

ಕಾಲಿನ ಕೆಲಸ ಅವನಿಗೆ ಹೊಸತಲ್ಲ. ಪ್ರಶ್ನೆ ಇದ್ದದ್ದು ನೀರಿನದು. ನಮ್ಮ ಕಡೆಯ ಎಲ್ಲ ಹುಡುಗರಂತೆ ಅವನೂ ಬೆನ್ನಿಗೆ ಒಣಗಿದ ಬುರುಡೆ ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಈಜು ಕಲಿತವನು. ಆ ಬಾವಿಯ ಅಗಲ 12 ಮೀಟರು. 1,900 ಮೀಟರಿಗೆ 158 ಸಲ ದಾಟಬೇಕೆಂದು ಅವನ ಮಗಳು ಲೆಕ್ಕ ಮಾಡಿ ಗೋಡೆಗೆ ಬರೆದಿದ್ದಾಳೆ. ಸೋಲಾಪುರದ 25 ಮೀಟರಿನ ಕೊಳದಲ್ಲಾದರೆ 76 ಸಲ. ಸ್ಪರ್ಧೆಯಲ್ಲಿ ಈಜಿಗೆ ಇರುವ ಸಮಯ 70 ನಿಮಿಷ. ಫೆಬ್ರವರಿಯಲ್ಲಿ ಅವನಿಗೆ 85 ನಿಮಿಷ ಹಿಡಿಯಿತು. ತಲೆ ಮೇಲೆತ್ತಿ ಕೈಕಾಲು ಬಡಿಯುವ ಬಾವಿಯ ಈಜನ್ನು ಬಿಟ್ಟು, ಮುಖ ನೀರಿನಲ್ಲಿಟ್ಟು, ಪಕ್ಕಕ್ಕೆ ಹೊರಳಿ ಉಸಿರೆಳೆಯುವುದನ್ನು ಎಳೆಯ ಹುಡುಗರ ಜೊತೆ ಕೊಳದಲ್ಲಿ ಕಲಿತ. ತಲೆ ಎತ್ತಿದರೆ ಕಾಲು ಮುಳುಗುತ್ತದೆ, ಕಾಲು ಮುಳುಗಿದರೆ ನೀರು ಹಿಂದೆಳೆಯುತ್ತದೆ. ಇಷ್ಟು ತಿದ್ದಿಕೊಂಡದ್ದಕ್ಕೆ ಈಗ 62 ನಿಮಿಷಕ್ಕೆ ಬಂದಿದ್ದಾನೆ.

ಕೊಳಕ್ಕೂ ಕಡಲಿಗೂ ಇರುವ ಅಂತರ ಮೇ ತಿಂಗಳಲ್ಲಿ ತಿಳಿಯಿತು. ವಾಸ್ಕೋದಲ್ಲಿ ಅವನ ಚಿಕ್ಕಪ್ಪನ ಮಗನ ಸಂಸಾರವಿದೆ. ದುಡಿಮೆಗಾಗಿ ಗೋವೆಗೆ ಹೋಗಿ ನೆಲೆಸಿದ ಸಾವಿರಾರು ಕನ್ನಡಿಗರಲ್ಲಿ ಅವರೂ ಒಬ್ಬರು. ಅಲ್ಲಿ ಐದು ದಿನ ಉಳಿದು ಮೀರಾಮಾರಿಗೆ ಹೋಗಿ ಕಡಲಿಗಿಳಿದ. ಮೊದಲ ದಿನ ನೂರು ಮೀಟರು ಹೋಗಿ ತಿರುಗಿ ಬಂದ.

“ಬಾವ್ಯಾಗ ದಂಡಿ ಕೈಗೆ ಸಿಗತದ ಗುರುಗಳ. ಸಮುದ್ರದಾಗ ತಲಿ ಎತ್ತಿದರ ತೆರಿ, ಇಳಿಸಿದರ ಕತ್ತಲಿ. ಎದಿ ಹೊಡಕೊಳ್ಳಕ ಹತ್ತಿತು. ಈಜೂದು ಬರತದ ಅನ್ನೂದೇ ಮರತುಹೋತು” ಎಂದು ಹೇಳುವಾಗ ಅವನ ಮುಖದಲ್ಲಿ ನಾಚಿಕೆಯಿತ್ತು. ನಾಚಿಕೆ ಪಡುವಂಥದೇನೂ ಅಲ್ಲ. ಹೆದರಿದಾಗ ಉಸಿರು ಚಿಕ್ಕದಾಗುತ್ತದೆ, ಉಸಿರು ಚಿಕ್ಕದಾದಾಗ ಹೆದರಿಕೆ ಬೆಳೆಯುತ್ತದೆ. ಈಜು ಬಲ್ಲವರೂ ಈ ಸುಳಿಯಲ್ಲಿ ಮುಳುಗುವುದುಂಟು. ಎರಡನೆಯ ದಿನ ಅಲ್ಲಿಯ ಅನುಭವಿ ಈಜುಗಾರರ ಗುಂಪನ್ನು ಸೇರಿ, ಸೊಂಟಕ್ಕೆ ಬಣ್ಣದ ತೇಲುಚೀಲ ಕಟ್ಟಿಕೊಂಡು, ಎದೆಯ ಮಟ್ಟದ ನೀರಿನಲ್ಲಿ ಬರಿಯ ಉಸಿರನ್ನು ಅಭ್ಯಾಸ ಮಾಡಿದ. ಮೂರನೆಯ ದಿನ 400 ಮೀಟರು, ಐದನೆಯ ದಿನ ಒಂದು ಕಿಲೋಮೀಟರು. ಉಪ್ಪುನೀರು ಬಾವಿಯ ನೀರಿಗಿಂತ ಹೆಚ್ಚು ತೇಲಿಸುತ್ತದೆಂಬುದು ಅವನಿಗೆ ಆಗ ಅನುಭವಕ್ಕೆ ಬಂತು. ಗುರುತಿನ ಬುರುಡೆಯತ್ತ ಕೆಲವು ಕೈಬೀಸಿಗೊಮ್ಮೆ ಕಣ್ಣೆತ್ತಿ ದಿಕ್ಕು ಸರಿಪಡಿಸಿಕೊಳ್ಳುವುದನ್ನೂ ಕಲಿತ.

ಜೂನಿನಿಂದ ಮಳೆಗಾಲ. ಆ ತಿಂಗಳುಗಳಲ್ಲಿ ಅಲ್ಲಿಯ ಕಡಲು ಈಜಿಗೆ ಯೋಗ್ಯವಲ್ಲ. ಇನ್ನು ಅವನು ಕಡಲನ್ನು ಕಾಣುವುದು ಸ್ಪರ್ಧೆಗೆ ಎರಡು ದಿನ ಮುಂಚೆ. 1.9 ಕಿಲೋಮೀಟರನ್ನು ಕಡಲಲ್ಲಿ ಅವನು ಒಮ್ಮೆಯೂ ಪೂರ್ತಿ ಈಜಿಲ್ಲ. ಆ ಪ್ರಶ್ನೆಗೆ ಉತ್ತರ ಆ ಬೆಳಗಿನವರೆಗೂ ಸಿಗುವಂತಿಲ್ಲ. ಅಲ್ಲಿಯವರೆಗೆ ಮಾಡಬಹುದಾದದ್ದು ಅಭ್ಯಾಸವೊಂದೇ.

ಮನೆಯವರ ಪಾಲು

ಅಂಗಡಿ ಎಂಟಕ್ಕೆ ತೆರೆಯಬೇಕು. ಶಾಲೆಗೆ ಹೊರಟ ಮಕ್ಕಳ ಸೈಕಲ್ಲಿಗೆ ಗಾಳಿ ಹಾಕಬೇಕು. ಅವನು ಬರುವುದು ತಡವಾದ ದಿನ ಹೆಂಡತಿಯೇ ಅಂಗಡಿ ತೆರೆಯುತ್ತಾಳೆ. ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದಿ ತೂತು ಹುಡುಕುವುದು, ಉಜ್ಜಿ ಅಂಟಿಸುವುದು ಎಲ್ಲವನ್ನೂ ಕಲಿತಿದ್ದಾಳೆ. ಮೊದಲು ಹೆಂಗಸು ಪಂಕ್ಚರು ಹಚ್ಚುವುದೆಂದರೆ ನಿಂತು ನೋಡುತ್ತಿದ್ದ ಗಿರಾಕಿಗಳು ಈಗ “ಅಕ್ಕಾರ ಕೈಲೇ ಹಚ್ಚಸ್ರಿ” ಎನ್ನುವಂತಾಗಿದ್ದಾರೆ. ಪ್ರವೇಶಶುಲ್ಕ ನಮ್ಮಂಥವರಿಗೆ ಸಣ್ಣ ಮೊತ್ತವಲ್ಲ. ದೀಪಾವಳಿಗೆ ಹೊಸ ಬಟ್ಟೆ ಬೇಡವೆಂದು ಮನೆಯವರೆಲ್ಲ ಒಪ್ಪಿದ ಮೇಲೆಯೇ ಅದನ್ನು ಕಟ್ಟಿದ್ದು. ಇಂಥ ಸ್ಪರ್ಧೆಯಲ್ಲಿ ನೀರಿಗಿಳಿಯುವವನು ಒಬ್ಬನೇ, ಸಿದ್ಧವಾಗುವುದು ಮಾತ್ರ ಇಡೀ ಮನೆ.

ಕಾಲದ ಲೆಕ್ಕ ಅವನ ಬಾಯಲ್ಲೇ ಇದೆ. ಈಜು ಮತ್ತು ಬಟ್ಟೆ ಬದಲಾವಣೆಗೆ ಒಂದೂಕಾಲು ಗಂಟೆ ಹಿಡಿದರೆ, ಐದೂವರೆ ಗಂಟೆಯೊಳಗೆ ಸೈಕಲ್ ಮುಗಿಸಲು ಗಂಟೆಗೆ 21 ಕಿಲೋಮೀಟರಿಗಿಂತ ತುಸು ಹೆಚ್ಚಿನ ವೇಗ ಬೇಕು. ಅವನು 25ರಲ್ಲಿ ಹೋಗಬಲ್ಲ. ಕೈಯಲ್ಲಿ ಉಳಿಯುವುದು ಅರ್ಧ ಗಂಟೆಯಷ್ಟು. ಸೈಕಲ್ ಕೆಟ್ಟರೆ ಹೊರಗಿನವರ ಸಹಾಯ ಪಡೆಯುವಂತಿಲ್ಲ. ಸ್ಪರ್ಧಿಗಳು ಪರಸ್ಪರ ಟ್ಯೂಬು, ಪಂಪು ಕೊಡಬಹುದು. ಇದನ್ನು ಕೇಳಿ ನಾನೊಂದು ಪರೀಕ್ಷೆಯ ಪ್ರಶ್ನೆ ಹಾಕಿದೆ: “ತಮ್ಮಾ, ದಾರಿಯಲ್ಲಿ ಯಾರದೋ ಗಾಳಿ ಹೋಗಿ ನಿಂತಿದ್ದರೆ ಏನು ಮಾಡುತ್ತೀ?”

ಅವನು ಬಹಳ ಯೋಚಿಸಲಿಲ್ಲ. “ಟ್ಯೂಬು ಎರಡು ಒಯ್ಯತೀನ್ರಿ. ಒಂದು ಕೊಡತೀನಿ. ಹಾಕೂದು ಬರಲಿಲ್ಲಂದ್ರ ತೋರಸತೀನಿ. ಐದು ನಿಮಿಷದ ಕೆಲಸ. ಸೈಕಲ್ ಅಂಗಡಿಯಾಂವ ನೋಡಿಕೋತ ಹೆಂಗ ಹೋಗಲಿ?”

ಒಂದು ಹಳೆಯ ಮಾತು

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಮೂವತ್ತು ವರ್ಷಗಳ ಹಿಂದೆ ಏಳನೆಯ ಇಯತ್ತೆಯಲ್ಲಿ ಈ ಹುಡುಗ ಗಣಿತದಲ್ಲಿ ನಪಾಸಾದಾಗ, ತರಗತಿಯ ಎಲ್ಲರ ಮುಂದೆ ನಾನು “ನೀನು ಪಂಕ್ಚರ್ ಹಚ್ಚಲಿಕ್ಕೇ ಲಾಯಕ್ಕು” ಎಂದಿದ್ದೆ. ಶಿಕ್ಷಣ ತರಬೇತಿ ಮುಗಿಸಿ ಬಂದ ಹೊಸ ಬಿಸಿ ಅದು. ಆ ಉದ್ಯೋಗವನ್ನು ನಾನು ಬೈಗುಳವಾಗಿ ಬಳಸಿದೆ. ಅವನು ಅದನ್ನೇ ಕೈಹಿಡಿದು ಮರ್ಯಾದೆಯಿಂದ ಬಾಳಿದ. ಈಚೆಗೆ ಆ ಮಾತನ್ನು ಎತ್ತಿ ಕ್ಷಮೆ ಕೇಳಿದೆ. ಮರೆತಿಲ್ಲವೆಂಬುದು ಅವನ ಕಣ್ಣಿನಲ್ಲೇ ತಿಳಿಯಿತು. “ಇರಲಿ ಗುರುಗಳ, ಈಗ ಆ ಕೆಲಸಾನೇ ಕಡಲತನಕ ಒಯ್ಯಾಕ ಹತ್ತೇದ” ಎಂದು ಚಕ್ರ ತಿರುವಿದ.

ಇದನ್ನೋದಿ ಉತ್ಸಾಹಗೊಳ್ಳುವ ತರುಣರಿಗೆ ಎರಡು ಮಾತು. ನಾಲ್ವತ್ತು ದಾಟಿದವರು ವೈದ್ಯರಿಗೆ ತೋರಿಸಿ ಹೃದಯದ ಪರೀಕ್ಷೆ ಮಾಡಿಸಿಕೊಳ್ಳದೆ ಇಂಥದಕ್ಕೆ ಕೈಹಾಕಬಾರದು. ಬಾವಿ, ಕೆರೆ, ಕಡಲು ಎಲ್ಲಿಯೇ ಆಗಲಿ ಒಬ್ಬರೇ ನೀರಿಗಿಳಿಯಬಾರದು. ಈಜು ಬಾರದ ಮಕ್ಕಳಿಗೆ ಈ ಬೇಸಗೆಯಲ್ಲೇ ಕಲಿಸಿರಿ. ಸ್ಪರ್ಧೆ ಇರಲಿ ಬಿಡಲಿ, ಅದು ಜೀವ ಉಳಿಸುವ ವಿದ್ಯೆ.

ಮಳೆಗಾಲ ಕಳೆದು ಆ ಬೆಳಗು ಬರುತ್ತದೆ. ಗೋವೆಯಲ್ಲಿರುವ ಓದುಗ ಬಂಧುಗಳು ಅಂದು ಮೀರಾಮಾರಿನ ದಂಡೆಯಲ್ಲಿ ನಿಂತು, ನೀರಿನಿಂದೆದ್ದು ಬರುವವರಿಗೆ ಕನ್ನಡದಲ್ಲಿ ಒಮ್ಮೆ ಕೂಗಿ ಹುರಿದುಂಬಿಸಲಿ. ಅವರಲ್ಲಿ ನಮ್ಮವನು ಯಾರೆಂದು ಗೊತ್ತಾಗದಿದ್ದರೂ ಚಿಂತೆಯಿಲ್ಲ, ಅವನಿಗೆ ಕೇಳಿಸುತ್ತದೆ. ಎಂಟೂವರೆ ಗಂಟೆಯೊಳಗೆ ಬಂದರೆ ನಮ್ಮ ಶಾಲೆಯ ಮಕ್ಕಳಿಗೆ ಪೇಢೆ ಹಂಚುವುದು ನನ್ನ ಪಾಲಿನದು. ಬರದಿದ್ದರೂ ಹಂಚುತ್ತೇನೆ. ಆ ಸಂಗತಿಯನ್ನು ಅವನಿಗೆ ಮಾತ್ರ ಈಗಲೇ ಹೇಳಿಲ್ಲ.