ಧಾರವಾಡಿ ಎಮ್ಮೆಯ ನಾಮಕರಣ

ಹುಬ್ಬಳ್ಳಿ ಧಾರವಾಡಗಳ ನಡುವಣ ನವನಗರದ ಸುತ್ತಲಿನ ಹಳ್ಳಿಗಳಿಂದ ಹಿಡಿದು ಬೆಳಗಾವಿ, ಬಾಗಲಕೋಟೆ, ಗದಗ ಸೀಮೆಗಳವರೆಗೆ ಒಕ್ಕಲಿಗರು ತಲೆತಲಾಂತರದಿಂದ ಸಾಕುತ್ತ ಬಂದಿರುವ ಕಪ್ಪು ಎಮ್ಮೆಯನ್ನು ಜನರು ‘ಜವಾರಿ’ ಎಂದೇ ಕರೆಯುವರು. ಜವಾರಿಯೆಂದರೆ ನಾಡಿನದು ಎಂಬರ್ಥವೇ ಹೊರತು ಅದು ತಳಿಯೊಂದರ ಅಭಿಧಾನವಲ್ಲ. ಶಾಸ್ತ್ರೋಕ್ತವಾದ ಹೆಸರಿಲ್ಲದ ಪಶುವನ್ನು ಪಶುಗಣತಿಯಲ್ಲಿ ತಳಿ ಗೊತ್ತಿಲ್ಲದವುಗಳ ಗುಂಪಿಗೆ ಸೇರಿಸುವುದು ವಾಡಿಕೆ. ಆ ಗುಂಪಿನಲ್ಲಿದ್ದ ಈ ಎಮ್ಮೆಯು 2021ರಲ್ಲಿ ‘ಧಾರವಾಡಿ’ ಎಂಬ ಹೆಸರಿನಿಂದ ಭಾರತದ 18ನೆಯ ಎಮ್ಮೆತಳಿಯಾಗಿ ನೋಂದಣಿ ಪಡೆಯಿತು.

ನೋಂದಣಿಯ ಹೊಣೆಯನ್ನು ಹೊತ್ತಿರುವುದು ಹರಿಯಾಣದ ಕರ್ನಾಲದಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ. ಇದರ ಹುಟ್ಟು ಮಾತ್ರ ಕನ್ನಡ ನಾಡಿನದು. 1923ರಲ್ಲಿ ಬೆಂಗಳೂರಿನಲ್ಲಿ ಪಶುಪಾಲನೆ ಹಾಗೂ ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆಯು ಸ್ಥಾಪಿತವಾಯಿತು. ಮಹಾತ್ಮಾ ಗಾಂಧಿಯವರು 1927ರಲ್ಲಿ ಇಲ್ಲಿಗೆ ಬಂದು ಗೋಪಾಲನೆಯ ಶಿಕ್ಷಣವನ್ನು ಪಡೆದರು. 1955ರಲ್ಲಿ ಅದರ ಕೇಂದ್ರಸ್ಥಾನವು ಕರ್ನಾಲಕ್ಕೆ ಹೋಗಲು, ಬೆಂಗಳೂರಿನ ಆಡುಗೋಡಿಯಲ್ಲಿ ದಕ್ಷಿಣದ ಶಾಖೆಯು ಉಳಿಯಿತು. ಆ ಶಾಖೆಯ ಆಶ್ರಯದಲ್ಲಿಯೇ 1984ರಲ್ಲಿ ಬ್ಯೂರೋ ಜನ್ಮ ತಾಳಿತು. ಮರುವರ್ಷವೇ ಅದೂ ಕರ್ನಾಲದ ದಾರಿಯನ್ನು ಹಿಡಿಯಿತು. ಧಾರವಾಡದ ಎಮ್ಮೆಯ ಕಾಗದಪತ್ರಗಳು ಅಷ್ಟು ದೂರ ಪ್ರಯಾಣ ಮಾಡಬೇಕಾದುದು ಈ ಕಾರಣದಿಂದ.

ತಳಿಯೆಂದು ಸಾಧಿಸುವುದು ಸುಲಭದ ಕೆಲಸವಲ್ಲ. ಒಂದು ಪಶುವಿನ ಲಕ್ಷಣಗಳು ಅದರ ಸಂತತಿಯಲ್ಲಿಯೂ ತಪ್ಪದೆ ತೋರಬೇಕು. ನೆರೆಯ ತಳಿಗಳಿಂದ ಅದು ಬೇರೆಯೆಂಬುದು ಸ್ಪಷ್ಟವಾಗಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪಶುವಿಜ್ಞಾನಿಗಳು ಹಲವು ಜಿಲ್ಲೆಗಳಲ್ಲಿ ಈ ಎಮ್ಮೆಗಳ ಮೈಯಳತೆ, ಬಣ್ಣ, ಹಾಲಿನ ಪ್ರಮಾಣ, ಸಾಕುವ ಕ್ರಮ ಇವೆಲ್ಲವನ್ನೂ ಪರಿಶೀಲಿಸಿದರು. ಇಲ್ಲಿ ಕೋಡು ಮುಖ್ಯ ಸಾಕ್ಷಿಯಾಗುತ್ತದೆ. ಮುರ್ರಾ ಎಮ್ಮೆಯ ಕೋಡು ಬಿಗಿಯಾಗಿ ಸುರುಳಿ ಸುತ್ತಿರುವುದು. ಬೆಳಗಾವಿಯ ಗಡಿಯಾಚೆಯ ಪಂಢರಪುರಿಯದು ಕತ್ತಿಯಂತೆ ಹೆಗಲನ್ನು ದಾಟಿ ಹಿಂದಕ್ಕೆ ನೀಳವಾಗಿ ಚಾಚಿರುವುದು. ಧಾರವಾಡಿಯದಾದರೋ ಅರ್ಧಚಂದ್ರಾಕಾರವಾಗಿ ಬಾಗಿ ಹೆಗಲನ್ನು ಮುಟ್ಟುವುದು. ಹೊರಲಕ್ಷಣವೊಂದೇ ಸಾಲದಾಗಿ, ಇಂಥ ನಿರ್ಣಯಗಳಲ್ಲಿ ಈಗ ರಕ್ತದ ಮಾದರಿಯಿಂದ ವಂಶವಾಹಿಗಳನ್ನು ಪರೀಕ್ಷಿಸುವ ಪದ್ಧತಿಯೂ ಬಂದಿದೆ.

ಹೆಸರಿನಿಂದ ಎಮ್ಮೆ ಹೆಚ್ಚು ಹಾಲನ್ನು ಕರೆಯುವುದೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆಯು ಅಸಂಗತವಲ್ಲ. ಹಾಲಿನ ಪ್ರಮಾಣದಲ್ಲಿ ಧಾರವಾಡಿಯು ಮುರ್ರಾದ ಸಮಕ್ಕೆ ಬಾರದು. ಆದುದರಿಂದಲೇ ಜವಾರಿ ಎಮ್ಮೆಗಳಿಗೆ ಮುರ್ರಾ ಕೋಣದ ವೀರ್ಯವನ್ನು ಕೊಡಿಸುವ ಕ್ರಮವು ಬಹುಕಾಲದಿಂದ ನಡೆದಿದೆ. ಹೀಗೆ ಮಾಡಿದಾಗ ಮೊದಲ ತಲೆಮಾರಿನಲ್ಲಿ ಮೂಲತಳಿಯ ಅಂಶವು ಅರ್ಧಕ್ಕಿಳಿಯುವುದು, ಎರಡನೆಯದರಲ್ಲಿ ಕಾಲುಭಾಗ, ಮೂರನೆಯದರಲ್ಲಿ ಎಂಟನೆಯ ಒಂದು ಪಾಲು. ಜೋಳದ ಕಣಿಕೆಯನ್ನು ಮೆದ್ದು, ಬಯಲಿನಲ್ಲಿ ಮೇದು, ಬೇಸಗೆಯ ಬಿಸಿಲನ್ನು ತಾಳಿಕೊಳ್ಳುವ ಗುಣವೂ ಈ ಭಾಗಾಕಾರದಲ್ಲಿ ಕರಗುತ್ತ ಹೋಗುವ ಸಂಭವವುಂಟು. ಹಿಂಡಿಯನ್ನು ಕೊಳ್ಳಲಾರದ ಬಡ ಒಕ್ಕಲಿಗನಿಗೆ ಇದು ಸಣ್ಣ ನಷ್ಟವಲ್ಲ. ಗುರುತಿಲ್ಲದ ಪಶುವಿಗೆ ಶುದ್ಧ ತಳಿಯ ಕೋಣವನ್ನು ಆರಿಸುವುದಾದರೂ ಹೇಗೆ? ಲಕ್ಷಣಗಳು ಬರಹಕ್ಕೆ ಇಳಿದ ಮೇಲೆಯೇ ಆ ಆಯ್ಕೆಗೆ ಆಧಾರ ದೊರೆಯುವುದು; ಆಯ್ದ ಕೋಣಗಳ ವೀರ್ಯವನ್ನು ದ್ರವಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೀತದಲ್ಲಿ, ಕಾಪಿಡುವುದೂ ಸಾಧ್ಯವಾಗುವುದು.

ಈ ಎಮ್ಮೆಯ ಹಾಲಿನ ರುಚಿಯು ಧಾರವಾಡದ ಫೇಡೆಯ ಮೂಲಕ ಊರೂರಿಗೆ ತಿಳಿದಿದೆ. ಫೇಡೆಗೆ ಭೌಗೋಳಿಕ ಸೂಚಿಕೆಯ ರಕ್ಷಣೆಯು ಎಮ್ಮೆಯ ನೋಂದಣಿಗಿಂತ ಎಷ್ಟೋ ವರ್ಷ ಮೊದಲೇ ದೊರೆತಿತ್ತು.